ಎರಡನೇ ಬ್ಯಾಡ್ಜು

ದಿನಕ್ಕೆ ಹದಿನೈದಿಪ್ಪತ್ತು ಸಲ ಕೇಳುತ್ತೇನೆ,
ಮೊಣಕೈ ಮುರಿದವಳನ್ನು, ಕೆಮ್ಮು ನಿಲ್ಲದವಳನ್ನು,
ಕುದುರೆಯಿಂದ ಬಿದ್ದು ಸೊಂಟ ಹಿಡಿದು ಬಂದವಳನ್ನು:
ಬಸಿರೇನಾದರೂ ಇರಬಹುದೇ?
ಇಲ್ಲ, ಅನ್ನುತ್ತಾರೆ. ಕೆಲವರು ನಗುತ್ತಾರೆ.
ಐವತ್ತೆರಡರ ಒಬ್ಬಾಕೆ,
ಇನ್ನೊಮ್ಮೆ ಕೇಳು, ಕಿವಿಗೆ ಹಿತವಾಗಿದೆ, ಅಂದಳು.
ನಿನ್ನೆ ಒಬ್ಬ ಹುಡುಗಿ, ಹದಿನಾರಿರಬೇಕು,
ಮೊದಲು ಅಮ್ಮನ ಮುಖ ನೋಡಿ
ಆಮೇಲೆ ಇಲ್ಲ ಅಂದಳು.
ನಾನು ಟಿಕ್ ಹಾಕಿದೆ.

ನನ್ನನ್ನು ಯಾರೂ ಕೇಳಿಲ್ಲ.

ಬಲ್ಲಾರಟ್ಟಿನ ಈ ಆಸ್ಪತ್ರೆಗೆ ಸೇರಿ ಮೂರು ವಾರ.
ಜೂನಿನ ಚಳಿ. ಕಾರಿನ ಗಾಜಿಗೆ ಕೂತ ಹಿಮವನ್ನು
ಅವಧಿ ಮುಗಿದ ಲೈಬ್ರರಿ ಕಾರ್ಡಿನಿಂದ ಕೆರೆದು
ಕತ್ತಲಲ್ಲೇ ಕೆಲಸಕ್ಕೆ ಬರುತ್ತೇನೆ.
ಆರು ತಿಂಗಳ ಪ್ರೊಬೇಷನ್.
ಅದಕ್ಕೆ ಆರು ತುಂಬುವಾಗ ಇದಕ್ಕೆ ಎಂಟು.

ಗದಗಿನಿಂದ ಕಲ್ಲವ್ವತ್ತೆಯ ಫೋನು:
ಮೂರ್ ತಿಂಗ್ಳ ತುಂಬೂತನಕ
ಯಾರ ಮುಂದೂ ಉಸರಬ್ಯಾಡ ಮತ್ತ.
ಅತ್ತೇ, ನನ್ನ ಕೆಲಸವೇ ಅದು.
ಗಾಜಿನ ಆಚೆ ನಿಂತು ಹೇಳುತ್ತೇನೆ:
ಉಸಿರು ಎಳೆದುಕೊಳ್ಳಿ, ಹಿಡಿದುಕೊಳ್ಳಿ,
ಅಲುಗಾಡಬೇಡಿ,
ಹಾಂ, ಈಗ ಬಿಡಿ.
ನನಗೆ 'ಈಗ ಬಿಡಿ' ಅನ್ನುವವರು ಯಾರು?

ಥಿಯೇಟರಿನ ಪಾಳಿಯನ್ನು ಎರಡು ಸಲ ಲೋರ್ಕನ್‌ಗೆ ದಾಟಿಸಿದೆ.
ಅಲ್ಲಿ ಗಾಜಿನ ಗೋಡೆಯಿಲ್ಲ, ಮೈಮೇಲಿನ ಸೀಸದ ಏಪ್ರನ್ನೇ ಗೋಡೆ.
ಬೆನ್ನುನೋವು, ಅಂದೆ.
ಮೂರನೇ ಸಲ ಅವನು ಏನೂ ಕೇಳದೆ
ತನ್ನ ಅಪ್ಪ ಹಚ್ಚಿಕೊಳ್ಳುವ ಮುಲಾಮು ತಂದುಕೊಟ್ಟ.
ಅರ್ಧ ಖಾಲಿಯಾದ ಟ್ಯೂಬು,
ಬುಡದಿಂದ ನೀಟಾಗಿ ಸುತ್ತಿಟ್ಟದ್ದು.
ಅದನ್ನು ಹಿಡಿದುಕೊಂಡೇ ಬ್ರೋನ್ವಿನ್‌ಳ ಬಾಗಿಲು ತಟ್ಟಿದೆ.

ದಾರಿಯುದ್ದಕ್ಕೂ ಜೋಡಿಸಿಕೊಂಡ ಇಂಗ್ಲಿಷ್ ವಾಕ್ಯ
ಕುರ್ಚಿಗೆ ಕೂತದ್ದೇ ಚೆಲ್ಲಾಪಿಲ್ಲಿ.
ನಾಲಿಗೆ ತುದಿಗೆ ಬಂದದ್ದು ನಮ್ಮ ಕಡೆಯ ಮಾತು:
ತಪ್ಪಾಯ್ತು, ಹೊಟ್ಟೆಗೆ ಹಾಕಿಕೊಳ್ಳಿ.
ಯಾರ ತಪ್ಪು, ಯಾರ ಹೊಟ್ಟೆ!
ನುಂಗಿಕೊಂಡೆ.
ಹನ್ನೊಂದು ವಾರ, ಅಂದೆ. ಅಷ್ಟೇ.

ಅವಳ ಕಣ್ಣು ನನ್ನ ಮುಖಕ್ಕಿಂತ ಮೊದಲು
ಗೋಡೆಯ ಕ್ಯಾಲೆಂಡರಿಗೆ ಹೋಯಿತು.
ಜನವರಿ. ಎಲ್ಲರಿಗೂ ಸಮುದ್ರ ಬೇಕಾದ ತಿಂಗಳು.
"ಹಾಗಾದರೆ ಇಂಟರ್‌ವ್ಯೂ ದಿನ ನಿನಗೆ..."
ಅಂದವಳು ಅಲ್ಲಿಗೇ ತುಟಿ ಕಚ್ಚಿದಳು.
ಆ ಅರ್ಧ ಪ್ರಶ್ನೆಗೆ ಕಾನೂನು ಅಡ್ಡ ನಿಂತಿತ್ತು.
ಗೊತ್ತಿತ್ತು, ಬ್ರೋನ್ವಿನ್.
ಭಾನುವಾರ ಎರಡು ಗೆರೆ, ಮಂಗಳವಾರ ನಿನ್ನ ಎದುರು.
ನಿನ್ನ ಸಂಸ್ಥೆಗಾಗಿ ನೀನೇನು ತರುತ್ತೀ ಅಂದಾಗ
ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗಿದ್ದು
ನೀನು ಕಂಡಿರಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆನೇ?
ಇವತ್ತಿಗೂ ಗೊತ್ತಿಲ್ಲ. ಇವತ್ತೂ ಹೇಳಲಿಲ್ಲ.

ಹೀಟರ್ ಟಕಟಕ ಅಂತಿತ್ತು.
ಅವಳು ಅಭಿನಂದನೆ ಅನ್ನಲು ಮರೆತಳು,
ಅಥವಾ ಅನ್ನಲಿಲ್ಲ.
ಎದ್ದು, ಮೂರನೇ ಡ್ರಾಯರಿನ ಅಂಟಿಕೊಂಡ ಬೀಗವನ್ನು
ಬೈಯುತ್ತ ತೆಗೆದು,
ಒಂದು ಪುಟ್ಟ ಬ್ಯಾಡ್ಜು ನನ್ನತ್ತ ದೂಡಿದಳು.
ನಿನ್ನದು ಎದೆಯ ಮೇಲೆ ಇರಲಿ,
ಇದು ಸೊಂಟಕ್ಕೆ, ಏಪ್ರನ್ನಿನ ಒಳಗೆ.
ತಿಂಗಳಿಗೊಮ್ಮೆ ಲೆಕ್ಕ ಬರುತ್ತದೆ.
ಥಿಯೇಟರ್ ನಿನಗೆ ಬೇಡ, ಲೋರ್ಕನ್‌ಗೆ ನಾನು ಹೇಳುತ್ತೇನೆ.
ಬಾಗಿಲ ತನಕ ಬಂದು, ದನಿ ತಗ್ಗಿಸಿ:
ಒಣ ಬಿಸ್ಕತ್ತು, ಹಾಸಿಗೆಯಿಂದ ಏಳುವ ಮುಂಚೆ.
ನನಗೆ ಅದೊಂದೇ ದಕ್ಕುತ್ತಿದ್ದದ್ದು.

ಕಾರಿಡಾರಿನಲ್ಲಿ ನಿಂತು ಸಿಕ್ಕಿಸಿಕೊಂಡೆ.
ಹೆಸರಿನ ಜಾಗ ಖಾಲಿ, ಒಂದು ನಂಬರು ಮಾತ್ರ.
ಇನ್ನೂ ಲಿಂಬೆಕಾಯಿಯಷ್ಟಿಲ್ಲ,
ಆಗಲೇ ಕೆಲಸಕ್ಕೆ ಸೇರಿತು.

ಮಧ್ಯಾಹ್ನ ಮತ್ತೊಬ್ಬ ಹುಡುಗಿ. ಊದಿದ ಪಾದ,
ನೆಟ್‌ಬಾಲ್ ಬಟ್ಟೆ, ಪಕ್ಕದಲ್ಲಿ ಅಮ್ಮ.
ಅಮ್ಮನ ಕೈಗೆ ಒಂದು ಫಾರಂ ಕೊಟ್ಟು,
ಹೊರಗೆ ಮೇಜಿದೆ, ಅಲ್ಲಿ ತುಂಬಿಸಿ, ಅಂದೆ.
ಬಾಗಿಲು ಮುಚ್ಚಿತು.
ಸ್ಟೂಲು ಎಳೆದುಕೊಂಡು ಕೂತೆ.
ಕೇಳಿದೆ.
ಟಿಕ್ ಹಾಕುವ ಪೆನ್ನನ್ನು
ಜೇಬಿನಿಂದ ತೆಗೆಯಲಿಲ್ಲ ಇನ್ನೂ.